ಇದರ ಹಿಂದೆ ಯಾರಿದ್ದಾರೆ

ಗಂಡ ಗುರುವಾರಗಳಂದು ಸುಳ್ಳು ಹೇಳುತ್ತಾನೆ ಎಂದು ಹೆಡ್‌ಮಿಸ್ಸಿಗೆ ಖಾತ್ರಿಯಾದದ್ದು ಅವನ ಕೆನ್ನೆಯಿಂದ. ಹಿಂದಿನ ವಾರ ಟಿವಿ ಸ್ಟುಡಿಯೋದಿಂದ ಮನೆಗೆ ಬಂದವಳು, ಮುಖಕ್ಕೆ ಬಳಿದಿದ್ದ ಬಣ್ಣವನ್ನೂ ತೊಳೆಯದೆ, ಅವನ ಕುರ್ಚಿಯ ಪಕ್ಕ ಬಿದ್ದಿದ್ದ ರಿಮೋಟು ಎತ್ತಿಕೊಳ್ಳಲು ಬಗ್ಗಿದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ನಿಂಬೆಯಂಥ, ತುಸು ಘಾಟಾದ, ಮನೆಯ ಯಾವ ಬಾಟಲಿಯಲ್ಲೂ ಇಲ್ಲದ ವಾಸನೆ. ತಲೆ ಎತ್ತಿ ನೋಡಿದರೆ ಅವನ ಕೆನ್ನೆ ಆಗತಾನೇ ಒರೆಸಿಟ್ಟ ತಟ್ಟೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಬೆಳಿಗ್ಗೆ ಅವಳ ಕಣ್ಣೆದುರೇ ಬಚ್ಚಲಿನ ಕನ್ನಡಿಯ ಮುಂದೆ ಬಾಯಿ ಸೊಟ್ಟ ಮಾಡಿಕೊಂಡು ಗಡ್ಡ ಹೆರೆದುಕೊಂಡಿದ್ದ ಮನುಷ್ಯ. ನಗರಸಭೆಯಲ್ಲಿ ಕೂತು ಚರಂಡಿ ಪೈಪುಗಳ ನಕ್ಷೆ ಬರೆಯುವ, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿರುವ, ಯಾರ ಮದುವೆಗಾದರೂ ಆಫೀಸಿನ ಶರ್ಟಿನಲ್ಲೇ ಹೊರಟುಬಿಡುವ ಮನುಷ್ಯ. ಇಂಥವನಿಗೆ ಸಂಜೆ ಎರಡನೇ ಸಲ ಗಡ್ಡ ತೆಗೆಸಿಕೊಳ್ಳುವ ದರ್ದು ಏನು? ‘ಎಲ್ಲಿಗೆ ಹೋಗಿದ್ರಿ?’ ಎಂದು ಕೇಳಿದಳು. ‘ಎಲ್ಲಿಗೂ ಇಲ್ವಲ್ಲ. ಆಫೀಸಿಂದ ನೇರ ಮನೆಗೆ ಬಂದೆ. ನಿನ್ನ ಕಾರ್ಯಕ್ರಮ ನೋಡ್ತಾ ಕೂತಿದ್ದೆ.’ ‘ಹೇಗಿತ್ತು?’ ‘ಚೆನ್ನಾಗಿತ್ತು. ಎಲ್ಲಾ ಚೆನ್ನಾಗಿತ್ತು.’ ಅಲ್ಲೇ ಅವನು ಸಿಕ್ಕಿಬಿದ್ದದ್ದು. ಅವಳು ಮಾಡಿದ ಅಡಿಗೆಯನ್ನಾಗಲಿ ಆಡಿದ ಮಾತನ್ನಾಗಲಿ ಅವನು ಇಡಿಯಾಗಿ ಒಪ್ಪಿದ್ದೇ ಇಲ್ಲ. ಒಂದು ಚಿಟಿಕೆ ಉಪ್ಪು ಹೆಚ್ಚಾಗಿರಬೇಕು, ಇಲ್ಲ ಒಂದು ಮಾತು ಹೆಚ್ಚಾಗಿರಬೇಕು. ನೋಡದವನು ಮಾತ್ರ ಎಲ್ಲಾ ಚೆನ್ನಾಗಿತ್ತು ಅನ್ನುತ್ತಾನೆ, ಪಾಠ ಓದದೆ ಬಂದ ಮಕ್ಕಳು ‘ಕವಿ ತುಂಬಾ ಸೊಗಸಾಗಿ ವರ್ಣಿಸಿದ್ದಾರೆ’ ಎಂದು ಬರೆಯುವ ಹಾಗೆ.

ಈಗ ಮತ್ತೆ ಗುರುವಾರ. ಶಾಲೆಯ ತನ್ನ ಕೋಣೆಯಲ್ಲಿ ಕೂತು ಅವಳು ಕೊನೆಯ ಪೀರಿಯಡ್ಡಿನ ಗದ್ದಲಕ್ಕೆ ಕಿವಿ ಕೊಟ್ಟಿದ್ದಳು. ಹೆಣ್ಣುಮಕ್ಕಳ ಶಾಲೆಯ ಗದ್ದಲಕ್ಕೆ ಒಂದು ಹದ ಇರುತ್ತದೆ. ಅದು ಇದ್ದಕ್ಕಿದ್ದಂತೆ ತಗ್ಗಿದರೆ ಎಲ್ಲೋ ಏನೋ ನಡೆಯುತ್ತಿದೆ ಎಂದೇ ಲೆಕ್ಕ. ಇಷ್ಟು ವರ್ಷದ ನೌಕರಿಯಲ್ಲಿ ಅವಳು ಕಲಿತದ್ದು ಇದು: ಮಗು ಹೇಳುವ ಮಾತನ್ನು ಕೇಳಬಾರದು, ಆ ಮಾತಿನ ಹಿಂದೆ ಯಾರಿದ್ದಾರೆ ಎಂದು ಹುಡುಕಬೇಕು. ಗೋಡೆಯ ಮೇಲೆ ಕೆಟ್ಟ ಮಾತು ಬರೆದವಳ ಹಿಂದೆ ಬರೆಯಲು ಹುರಿದುಂಬಿಸಿದವಳು ಇರುತ್ತಾಳೆ, ಹೊಟ್ಟೆನೋವು ಎಂದವಳ ಹಿಂದೆ ಕಳೆದುಹೋದ ಲೆಕ್ಕದ ಪುಸ್ತಕ ಇರುತ್ತದೆ. ಹಾಗಾಗಿಯೇ ಎಂಟನೇ ತರಗತಿಯ ಆ ಎಣ್ಣೆಗಪ್ಪು ಹುಡುಗಿ ಇದೇ ಮೇಜಿನ ಮುಂದೆ ಕೈಕಟ್ಟಿ ನಿಂತು, ‘ಮಿಸ್, ನಾನು ಪ್ಯಾಂಟ್ ಹಾಕ್ಕೊಂಡು ಬರ್ಲಾ? ನಾನು ಹುಡುಗಿ ಅಲ್ಲ ಅನ್ಸತ್ತೆ’ ಎಂದು ಕೇಳಿದಾಗ ಅವಳು ಬೈಯಲಿಲ್ಲ, ಹೊಡೆಯಲಿಲ್ಲ, ಕನ್ನಡಕ ತೆಗೆದಿಟ್ಟು ಮೆತ್ತಗೆ, ‘ನಿನಗೆ ಇದನ್ನ ಯಾರು ಹೇಳ್ಕೊಟ್ರು?’ ಎಂದು ಕೇಳಿದಳು. ಹುಡುಗಿ ‘ಯಾರೂ ಇಲ್ಲ’ ಎಂದಿತು. ‘ಯಾರೂ ಇಲ್ದೆ ಇಂಥ ಮಾತು ಬಾಯಿಗೆ ಬರಲ್ಲಮ್ಮ. ಹೇಳು, ಹೆದರ್ಬೇಡ.’ ಅದೇ ಪ್ರಶ್ನೆಯನ್ನು ಅವಳು ಸಮಾಧಾನವಾಗಿ, ನಗುಮುಖದಿಂದ, ಮತ್ತೆ ಮತ್ತೆ ಕೇಳಿದಳು. ಕೊನೆಗೆ ಆ ಮಗು ಸುಸ್ತಾಗಿ ಯಾವುದೋ ಒಂದು ಹೆಸರು ಹೇಳಿತು, ಪಕ್ಕದ ಮನೆಯ ಅಕ್ಕನದೋ ಯಾರದೋ. ಹೆಸರು ಸಿಕ್ಕಿದ ಸಮಾಧಾನದಲ್ಲಿ ಅವಳು ಕನ್ನಡಕ ಹಾಕಿಕೊಂಡಾಗ ಕಂಡ ಆ ಮುಖ, ಸುಳ್ಳು ಹೇಳಿ ಬಿಡುಗಡೆ ಪಡೆದ ಆ ಮುಖ, ಈಗಲೂ ಒಮ್ಮೊಮ್ಮೆ ಸ್ನಾನದ ಹೊತ್ತಿನಲ್ಲಿ ಎದುರಿಗೆ ಬರುತ್ತದೆ. ಮುಂದೆ ಪೋಷಕರು ಜಗಳಕ್ಕೆ ಬಂದರು, ಗೇಟಿನ ಹತ್ತಿರ ಕ್ಯಾಮೆರಾಗಳು ಬಂದವು, ಮೈಕು ಮುಂದೆ ಹಿಡಿದವನಿಗೆ ಅವಳು ಥಟ್ಟನೆ, ‘ನನ್ನದು ವಿರೋಧ ಅಲ್ಲ, ಒಂದು ಸಣ್ಣ ಪ್ರಶ್ನೆ ಅಷ್ಟೆ. ಇದರ ಹಿಂದೆ ಯಾರಿದ್ದಾರೆ?’ ಎಂದುಬಿಟ್ಟಳು. ದಿನವಿಡೀ ಅದನ್ನೇ ತೋರಿಸಿದರು. ಹುಡುಗಿ ಟಿ.ಸಿ. ತೆಗೆದುಕೊಂಡು ಹೋದದ್ದನ್ನು ಯಾರೂ ತೋರಿಸಲಿಲ್ಲ.

ಅಂದಿನಿಂದ ಟಿವಿ ಚಾನೆಲ್ಲಿನ ಗುರುವಾರದ ಚರ್ಚೆಗೆ ಅವಳು ಕಾಯಂ. ಹೆಸರಿನ ಕೆಳಗೆ ಮೊದಲು ‘ಮುಖ್ಯೋಪಾಧ್ಯಾಯಿನಿ’ ಎಂದು ಹಾಕುತ್ತಿದ್ದರು, ಆಮೇಲೆ ‘ಶಿಕ್ಷಣ ತಜ್ಞೆ’, ಈಚೆಗೆ ಬರೀ ‘ತಾಯಿ’. ಮೊದಲ ಸಲ ಅದನ್ನು ಕಂಡಾಗ ಅವಮಾನವಾದಂತಾಯಿತು, ಇಷ್ಟು ಓದಿ ಕೊನೆಗೆ ಇದೇಯೇ ಎಂದು. ಆದರೆ ಆ ಪದಕ್ಕೆ ಎದುರಾಡುವವರು ಇಲ್ಲ ಎಂಬುದನ್ನು ಬೇಗ ಕಂಡುಕೊಂಡಳು. ಎದುರಿನ ಕುರ್ಚಿಯಲ್ಲಿ ಹೆಚ್ಚಾಗಿ ಬರುತ್ತಿದ್ದುದು ಒಬ್ಬ ವಕೀಲೆ. ನಾನು ಗಂಡಾಗಿ ಹುಟ್ಟಿದೆ ಎಂದು ಜನ ಹೇಳುತ್ತಾರೆ, ನಾನು ಹುಟ್ಟಿದ್ದು ನಾನಾಗಿಯೇ ಎಂದು ಮೊದಲ ದಿನವೇ ನಕ್ಕು ಹೇಳಿದ್ದ, ಎತ್ತರದ, ದೊಡ್ಡ ಕೈಗಳ ಹೆಂಗಸು. ಮೇಕಪ್ ಕೋಣೆಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಒಂದೇ ಡಬ್ಬಿಯ ಪೌಡರು ಮೆತ್ತುತ್ತಿದ್ದರು. ವಕೀಲೆಯ ಸೌಜನ್ಯವನ್ನೂ ಹೆಡ್‌ಮಿಸ್ಸು ನಂಬುತ್ತಿರಲಿಲ್ಲ. ಕಾಲರಿನ ಮೈಕು ಸೊಟ್ಟಗಾಗಿದ್ದರೆ ಸರಿಮಾಡುವುದು, ಕೆಮ್ಮಿದರೆ ನೀರಿನ ಬಾಟಲಿ ಮುಂದೆ ಚಾಚುವುದು, ಇದೆಲ್ಲ ತನ್ನನ್ನು ಮೆತ್ತಗೆ ಮಾಡುವ ಹುನ್ನಾರ ಎಂದುಕೊಂಡು ‘ಥ್ಯಾಂಕ್ಸ್’ ಎಂಬ ಒಂದೇ ಪದದಲ್ಲಿ ಬಾಗಿಲು ಹಾಕಿಬಿಡುತ್ತಿದ್ದಳು. ಒಂದು ದಿನ ವಕೀಲೆ ಕನ್ನಡಿಯೊಳಗಿನಿಂದಲೇ, ‘ನಿಮ್ಮ ಪ್ರಶ್ನೆಗಳು ತುಂಬ ಚೆನ್ನಾಗಿರುತ್ತೆ ಮೇಡಂ. ಉತ್ತರಕ್ಕೆ ಕಾಯೋದಿಲ್ಲ ನೀವು, ಅಷ್ಟೆ’ ಎಂದಿದ್ದಳು. ಆಡಿದ ಧಾಟಿಯಲ್ಲಿ ಕೊಂಕಿರಲಿಲ್ಲ. ಕೊಂಕಿಲ್ಲದ್ದರಿಂದಲೇ ಹೆಡ್‌ಮಿಸ್ಸಿಗೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಬಹಳ ದಿನ ಕಾಡಿತು.

ಮನೆಯಲ್ಲಿ ಯಾರ ಹತ್ತಿರ ಹೇಳಿಕೊಳ್ಳುವುದು? ಗಂಡ ಇತ್ತೀಚೆಗೆ ಮಾತೇ ಕಡಿಮೆ ಮಾಡಿದ್ದ. ಒಬ್ಬಳೇ ಮಗಳು, ಚಿಕ್ಕಂದಿನಿಂದ ‘ಗುಬ್ಬಿ’ ಎಂದೇ ಕರೆದದ್ದು, ಕೆಲಸ ಸಿಕ್ಕಿದ ಮೇಲೆ ಊರಿನ ಇನ್ನೊಂದು ತುದಿಯಲ್ಲಿ ರೂಮು ಮಾಡಿಕೊಂಡಿದ್ದಳು. ಕನ್ನಡಕದ ಗಾಜು ಉಜ್ಜಿ ಅಳತೆಗೆ ಕೂರಿಸುವ ಕೆಲಸ. ಮೊದಲೆಲ್ಲ ಪ್ರತಿ ಭಾನುವಾರ ಬರುತ್ತಿದ್ದವಳು ಬರುವುದು ಬಿಟ್ಟು ತಿಂಗಳುಗಳಾಗಿದ್ದವು. ಕೇಳಿದರೆ ಓವರ್‌ಟೈಮು. ಫೋನಿನಲ್ಲಿ ಮುಖ ತೋರಿಸೆಂದರೆ ಕ್ಯಾಮೆರಾ ಕೆಟ್ಟಿದೆ. ಧ್ವನಿ ಒಡೆದು ಗೊಗ್ಗರಾಗಿದೆಯಲ್ಲ ಎಂದರೆ ಶೀತ. ಇಷ್ಟು ದಿನ ಯಾರಿಗೆ ಶೀತ ಇರುತ್ತದೆ? ‘ಸಿಗರೇಟು ಸೇದ್ತಿದೀಯಾ?’ ಎಂದು ಅವಳು ನೇರ ಕೇಳಿದ್ದಳು. ಆ ಕಡೆಯಿಂದ ಒಂದು ನಗು ಬಂತು, ಗಂಟಲ ತಳದಿಂದ ಎದ್ದು ಅಲ್ಲೇ ನಿಂತ ನಗು. ‘ಇಲ್ಲಮ್ಮ. ಅದೊಂದು ಮಾತ್ರ ಇಲ್ಲ.’ ಅದೊಂದು ಮಾತ್ರ ಇಲ್ಲ ಅಂದರೆ ಮಿಕ್ಕಿದ್ದು ಏನೆಲ್ಲ ಇದೆ ಎಂದು ಅವಳು ರಾತ್ರಿಯೆಲ್ಲ ಹೊರಳಾಡಿದ್ದಳು. ಉಪ್ಪುನೀರು ಮುಕ್ಕಳಿಸು ಎಂದಿದ್ದಳು, ಬೇರೆ ಏನು ಹೇಳಬೇಕು ತೋಚದೆ. ಗುಬ್ಬಿ ಬರುವುದು ಬಿಟ್ಟದ್ದು ಯಾವಾಗಿನಿಂದ ಎಂದು ಹುಡುಕುತ್ತ ಹೋದರೆ ಮನಸ್ಸು ಒಂದು ಜಾಗದಲ್ಲಿ ಎಡವಿ ಬೇರೆ ದಾರಿ ಹಿಡಿದುಬಿಡುತ್ತಿತ್ತು. ಅದು ಕಾರ್ಯಕ್ರಮದ ನಿರೂಪಕ, ಅರಚಿ ಅರಚಿ ಕುತ್ತಿಗೆಯ ನರ ಉಬ್ಬಿಸಿಕೊಂಡೇ ಇರುವ ಆ ಮನುಷ್ಯ, ‘ನಾಳೆ ನಿಮ್ಮ ಮಗಳೇ ಬಂದು ನಾನು ಹುಡುಗ ಅಂದ್ರೆ ಏನ್ಮಾಡ್ತೀರಿ ಮೇಡಂ?’ ಎಂದು ಕೇಳಿದ ದಿನ. ಅವಳು ನಕ್ಕು, ‘ನನ್ನ ಮಗಳನ್ನ ನಾನು ಬೆಳೆಸಿದೀನಿ ಸರ್. ಯಾರೋ ಹೇಳ್ಕೊಟ್ಟಿದ್ದನ್ನ ಒಪ್ಪಿಸೋ ಗಿಣಿ ಅಲ್ಲ ಅವಳು’ ಎಂದಿದ್ದಳು. ಸ್ಟುಡಿಯೋದಲ್ಲಿ ಕೂರಿಸಿದ್ದ ಪ್ರೇಕ್ಷಕರು ಚಪ್ಪಾಳೆ ತಟ್ಟಿದ್ದರು. ಮನೆಗೆ ಬಂದಾಗ ಗಂಡ ಟಿವಿ ಆರಿಸಿ ಕತ್ತಲಲ್ಲಿ ಕೂತಿದ್ದ. ಕರೆಂಟು ಹೋಗಿದೆಯೇನೋ ಎಂದುಕೊಂಡಿದ್ದಳು.

ಗಂಡನ ಮೇಲಿನ ಅನುಮಾನಕ್ಕೆ ಮಾತ್ರ ಹೀಗೆ ಎಡವುವ ಜಾಗಗಳಿರಲಿಲ್ಲ. ಅದು ಒಳ್ಳೆಯ ರಸ್ತೆಯ ಹಾಗೆ ಸಲೀಸಾಗಿ ಓಡುತ್ತಿತ್ತು. ಅವನು ಫೋನು ಹಿಡಿದುಕೊಂಡು ಬಾಲ್ಕನಿಗೆ ಹೋಗುತ್ತಾನೆ, ಬಾಗಿಲು ಎಳೆದುಕೊಳ್ಳುತ್ತಾನೆ. ಒಂದು ಸಂಜೆ ಒಣಗಿದ ಬಟ್ಟೆ ತರುವ ನೆಪದಲ್ಲಿ ಹೋದವಳಿಗೆ, ‘ಗುರುವಾರ ಸಿಕ್ತೀಯಲ್ಲ ಕಣೋ? ನಾನಿದೀನಿ, ಹೆದರ್ಬೇಡ’ ಎಂಬ ಮಾತು ಕಿವಿಗೆ ಬಿತ್ತು. ಕಣೋ ಎಂದಮೇಲೆ ಗಂಡಸು, ಬಿಡು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಸ್ಟಾಫ್ ರೂಮಿನಲ್ಲಿ ಕೇಳಿದ ಕಥೆಗಳು ಅವಳಿಗೆ ಚೆನ್ನಾಗಿ ನೆನಪಿದ್ದವು. ಹೆಂಡತಿಯ ಕಿವಿಗೆ ಬೀಳಲೆಂದೇ ಪ್ರೇಯಸಿಯನ್ನು ‘ಹೋಗೋ, ಬಾರೋ’ ಎನ್ನುವ ಗಂಡಸರು ಇದ್ದಾರೆ. ಮೂಗು ಹಿಡಿದರೂ ಬಾಯಿ ಬಿಡದ ಈ ಮನುಷ್ಯ ‘ನಾನಿದೀನಿ, ಹೆದರ್ಬೇಡ’ ಎಂದು ತನಗೆ ಯಾವತ್ತಾದರೂ ಹೇಳಿದ್ದನೇ? ಹೆರಿಗೆ ಕೋಣೆಯ ಬಾಗಿಲಲ್ಲೂ ಹೇಳಿರಲಿಲ್ಲ. ಇನ್ನೊಂದು ವಿಚಿತ್ರವೆಂದರೆ ಮಗಳ ಮಾತು ಬಂದಾಗ ಅವನು ಇತ್ತೀಚೆಗೆ ‘ಮಗು’ ಎನ್ನುತ್ತಿದ್ದ. ‘ಮಗು ಫೋನ್ ಮಾಡಿತ್ತಾ?’ ‘ಮಗು ಊಟ ಮಾಡ್ತೋ ಇಲ್ವೋ.’ ಬೆಳೆದು ಸಂಬಳ ತರುವವಳಿಗೆ ಮಗು ಏನು ಮಗು! ಪಾಪ ಮಾಡುವ ಗಂಡಸಿಗೆ ಮಕ್ಕಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ ಎಂದು ಅವಳು ಅದನ್ನೂ ಆ ಖಾತೆಗೇ ಹಾಕಿದ್ದಳು.

ಬೆಲ್ಲು ಹೊಡೆದು ಹುಡುಗಿಯರು ಗೇಟಿನಾಚೆ ಚೆಲ್ಲಿಹೋದ ಮೇಲೆ ಅವಳು ಚಾನೆಲ್ಲಿಗೆ ಫೋನು ಮಾಡಿ ಮೈ ಹುಷಾರಿಲ್ಲ ಎಂದಳು. ಗಂಡನಿಗೆ ಹೇಳಲಿಲ್ಲ. ನಗರಸಭೆ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಯಾವುದೋ ಕಾಗದ ಮುಂದೆ ಹಿಡಿದುಕೊಂಡು ನಿಂತಳು. ಗಂಡ ಹೊರಬಂದ. ಮನೆಯ ಕಡೆಯ ಬಸ್ ಸ್ಟಾಪಿಗೆ ಹೋಗದೆ ರಸ್ತೆ ದಾಟಿ ಎದುರು ದಿಕ್ಕಿನ ಬಸ್ಸಿಗೆ ನಿಂತ. ಅವಳಿಗೆ ಒಂದು ಕ್ಷಣ ಗೆದ್ದ ಖುಷಿಯೇ ಆಯಿತು. ನಾನು ಹೇಳಲಿಲ್ಲವೇ ಎಂದು ಯಾರಿಗೋ ಹೇಳಬೇಕೆನ್ನಿಸಿತು. ಅವನು ಮುಂಬಾಗಿಲಿನಿಂದ ಹತ್ತಿದಾಗ ಅವಳು ಹಿಂಬಾಗಿಲಿನಿಂದ ಹತ್ತಿ, ತಲೆಗೆ ಸ್ಕಾರ್ಫು ಎಳೆದುಕೊಂಡು, ಕಂಬಿಯ ಮರೆಯಲ್ಲಿ ನಿಂತಳು. ಜನರ ತಲೆಗಳ ನಡುವೆ ಅವನ ಬಿಳಿಗೂದಲಿನ ಹಿಂದಲೆ ಕಾಣುತ್ತಿತ್ತು. ನಡುನೆತ್ತಿ ಬೋಳಾಗಿತ್ತು. ಇದು ಯಾವಾಗ ಬೋಳಾಯಿತು? ಎದುರಿನಿಂದ ಮಾತ್ರ ನೋಡುತ್ತಿದ್ದುದರಿಂದ ಗೊತ್ತೇ ಆಗಿರಲಿಲ್ಲ. ಇಂಥ ತಲೆಯನ್ನು ಯಾವಳು ನೇವರಿಸುತ್ತಾಳೆ ಎಂದು ಕೋಪದ ನಡುವೆಯೂ ಸಣ್ಣದೊಂದು ಕನಿಕರ ಹುಟ್ಟಿ, ಆ ಕನಿಕರದ ಮೇಲೂ ಅವಳಿಗೆ ಅನುಮಾನ ಬಂತು.

‘ನೀವು ಟಿವಿಯಲ್ಲಿ ಬರ್ತೀರಲ್ವಾ?’ ಪಕ್ಕದ ಸೀಟಿನಲ್ಲಿ ಚೀಲ ತಬ್ಬಿಕೊಂಡು ಕೂತಿದ್ದ ಹೆಂಗಸು ಕತ್ತೆತ್ತಿ ನೋಡುತ್ತಿದ್ದಳು. ಅವಳು ಇಲ್ಲವೆಂದು ತಲೆಯಾಡಿಸಿದಳು. ‘ಅಯ್ಯೋ ನೀವೇ! ಧ್ವನಿ ಕೇಳದಿದ್ರೂ ಮುಖ ಗೊತ್ತಾಗಲ್ವಾ? ಸರಿಯಾಗಿ ಝಾಡಿಸ್ತೀರ ಮೇಡಂ, ಬಿಡ್ಬೇಡಿ ಆ ನನ್ಮಕ್ಕಳನ್ನ. ನಮ್ಮ ಬೀದಿಯಲ್ಲೊಂದು ಇತ್ತು ಅಂಥದ್ದು. ಎಲ್ಲಾ ಸೇರ್ಕೊಂಡು ಓಡಿಸಿದ್ವಿ. ನಿಮ್ಮ ಮಾತೇ ನಮಗೆ ಧೈರ್ಯ.’ ಸುತ್ತ ನಿಂತವರು ತಿರುಗಿ ನೋಡಿದರು. ‘ನಾನು ಹಾಗೆಲ್ಲ ಹೇಳಿಲ್ಲಮ್ಮ. ನಾನು ಬರೀ ಪ್ರಶ್ನೆ ಕೇಳೋದು,’ ಎಂದು ಅವಳು ಪಿಸುಗುಟ್ಟಿದಳು, ಗಂಡನ ಹಿಂದಲೆ ಎಲ್ಲಿ ತಿರುಗುವುದೋ ಎಂದು ನೋಡುತ್ತ. ‘ಅದೇ ಮೇಡಂ ಅದೇ. ಪ್ರಶ್ನೆ ಕೇಳ್ತಾ ಇದ್ರೆ ಸಾಕು, ತಾವಾಗೇ ಜಾಗ ಖಾಲಿ ಮಾಡ್ತಾರೆ.’ ಹೆಂಗಸು ಆತ್ಮೀಯವಾಗಿ ಅವಳ ಕೈ ಹಿಡಿದು ಅಮುಕಿದಳು. ಬೆವರಿದ, ಬೆಚ್ಚಗಿನ, ದುಡಿದ ಕೈ. ಕೊಡವಿಕೊಳ್ಳಲು ಆಗಲಿಲ್ಲ. ಎಂಟನೇ ತರಗತಿಯ ಹುಡುಗಿ ಆವತ್ತು ಕೋಣೆಯಲ್ಲಿ ಮೇಜಿನ ತುದಿಯನ್ನು ಹಿಡಿದುಕೊಂಡಿತ್ತು, ಕೈಕಟ್ಟಿಕೊಂಡಿತ್ತು ಎಂದುಕೊಂಡದ್ದು ತಪ್ಪು, ಮೇಜಿನ ತುದಿಯನ್ನು ಹಿಡಿದುಕೊಂಡೇ ಯಾರೂ ಇಲ್ಲ ಮಿಸ್ ಎಂದಿತ್ತು, ಎಂದು ಯಾಕೋ ಈಗ ನೆನಪಾಯಿತು. ‘ಓಡಿಸಿದ್ರಲ್ಲ, ಎಲ್ಲಿಗೆ ಹೋಯ್ತು ಅದು?’ ಎಂದು ಕೇಳಿದಳು. ಹೆಂಗಸಿಗೆ ಪ್ರಶ್ನೆ ಅರ್ಥವಾಗಲಿಲ್ಲ. ‘ಯಾರು ನೋಡೋಕೆ ಹೋದ್ರು ಮೇಡಂ?’ ಎಂದಳು.

ಗಂಡ ಇಳಿದ. ಸಾಲಾಗಿ ಟೈರಿನ, ಗಾಜಿನ, ಪ್ಲೈವುಡ್ಡಿನ ಅಂಗಡಿಗಳಿದ್ದ ರಸ್ತೆ. ಗುಬ್ಬಿ ಕೆಲಸ ಮಾಡುವುದು ಇದೇ ಕಡೆ ಎಲ್ಲೋ ಅಲ್ಲವೇ ಎಂಬ ಯೋಚನೆ ಬಂದು ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು. ಮಗಳಿರುವ ದಿಕ್ಕಿನಲ್ಲೇ ಮಾಡಿಕೊಂಡಿದ್ದಾನಲ್ಲ, ನಾಚಿಕೆಗೆಟ್ಟವನು. ಅವನು ಅವಸರವಿಲ್ಲದೆ ನಡೆದು, ಒಂದು ಕಟಿಂಗ್ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಹಾಗಾದರೆ ಇಲ್ಲಿ ಸಿಂಗರಿಸಿಕೊಂಡು ಆಮೇಲೆ ಅವಳ ಮನೆಗೆ. ಹೆಡ್‌ಮಿಸ್ಸು ಎದುರು ಬದಿಯಲ್ಲಿ ಬಾಗಿಲು ಹಾಕಿದ್ದ ಅಂಗಡಿಯ ಮೆಟ್ಟಿಲ ಬಳಿ ನಿಂತಳು. ಒಳಗೆ ದೀಪ ಬೆಳಗುತ್ತಿದ್ದುದರಿಂದ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು: ಎರಡು ಕುರ್ಚಿ, ಉದ್ದನೆಯ ಕನ್ನಡಿ, ಮೂಲೆಯಲ್ಲಿ ಎತ್ತರಕ್ಕೆ ಗೋಡೆಗೆ ಕೂರಿಸಿದ ಟಿವಿ, ಬಿಳಿ ಕೋಟಿನ ಕ್ಷೌರದವನು. ಬಾಗಿಲಿನ ಕೆಳಗೆ ಇಟ್ಟಿಗೆ ಇಟ್ಟು ಅರೆ ತೆರೆದೇ ಬಿಟ್ಟಿದ್ದರು. ಒಂದು ಕುರ್ಚಿಯಲ್ಲಿ ಆಗಲೇ ಒಬ್ಬ ಹುಡುಗ ಕೂತಿದ್ದ, ಈ ಕಡೆಗೆ ಬೆನ್ನು. ಗಂಡ ಅವನ ಹೆಗಲ ಮೇಲೆ ಕೈಯಿಟ್ಟ. ಹುಡುಗ ಆ ಕೈಯ ಮೇಲೆ ತನ್ನ ಕೈಯಿಟ್ಟ. ಅಷ್ಟು ಸಾಕಾಯಿತು ಅವಳಿಗೆ. ಮಗ! ಬರೀ ಹೆಂಗಸಲ್ಲ, ಸಂಸಾರವೇ ಇದೆ, ಅದರಲ್ಲೊಬ್ಬ ಬೆಳೆದ ಮಗ ಇದ್ದಾನೆ. ಮೀಸೆ ಬರುವಷ್ಟು ದೊಡ್ಡವನು. ಅಂದರೆ ಎಷ್ಟು ವರ್ಷದ್ದು ಇದು? ಗುಬ್ಬಿ ಹುಟ್ಟುವ ಹೊತ್ತಿಗೇ ಇತ್ತೇ? ಹುಡುಗ ತಲೆ ಹೊರಳಿಸಿದಾಗ ಗಂಡನದೇ ಕಿವಿ ಕಂಡಿತು, ಮೇಲ್ತುದಿ ತುಸು ಮಡಚಿದ, ಅತ್ತೆಯ ಮನೆಯವರ ಕಿವಿ. ರಕ್ತ ಸುಳ್ಳು ಹೇಳುವುದಿಲ್ಲ. ಅವಳು ಮೆಟ್ಟಿಲ ಮೇಲೆ ಕೂತಳು. ಅಷ್ಟರಲ್ಲಿ ಕ್ಷೌರದವನು ಪಕ್ಕಕ್ಕೆ ಸರಿದ. ಕನ್ನಡಿಯಲ್ಲಿ ಹುಡುಗನ ಮುಖ ಕಂಡಿತು.

ಗುರುತು ಹಿಡಿಯುವುದಕ್ಕೆ ತಡವಾಗಲಿಲ್ಲ. ತಡವಾಯಿತು ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡರೂ ಅದು ನಿಜವಲ್ಲ. ಎಷ್ಟೋ ತಿಂಗಳಿಂದ ಗೊತ್ತಿದ್ದುದನ್ನೇ ಗುರುತು ಹಿಡಿದಂತಿತ್ತು. ಕೂದಲು ಗಿಡ್ಡವಾಗಿತ್ತು, ದವಡೆ ಅಗಲವಾಗಿತ್ತು, ಗಲ್ಲದ ಮೇಲೆ ಬಿಳಿ ನೊರೆ ಇತ್ತು. ಆದರೆ ನೊರೆಯನ್ನು ಕಂಡು ನಗು ತಡೆಯಲಾರದೆ ಕೆಳತುಟಿ ಕಚ್ಚಿಕೊಳ್ಳುತ್ತಿದ್ದುದು ಗುಬ್ಬಿಯೇ. ಪಕ್ಕದ ಕುರ್ಚಿಯಲ್ಲಿ ಕೂತ ಗಂಡ, ತನ್ನ ಕೆನ್ನೆಗೂ ನೊರೆ ಬಳಿದುಕೊಂಡು, ಬಾಯಿ ಸೊಟ್ಟ ಮಾಡಿ, ಚರ್ಮವನ್ನು ಹೇಗೆ ಬಿಗಿ ಹಿಡಿದು ಬ್ಲೇಡು ಯಾವ ಕಡೆಗೆ ಎಳೆಯಬೇಕು ಎಂದು ತೋರಿಸುತ್ತಿದ್ದ. ಮನೆಯಲ್ಲಿ ದಿನಾ ನೋಡುವ ಅದೇ ಸೊಟ್ಟ ಬಾಯಿ. ಗುರುವಾರ. ಅವಳು ಸ್ಟುಡಿಯೋದಲ್ಲಿ ಕಟ್ಟುಬಿದ್ದಿರುತ್ತಾಳೆ ಎಂಬ ಧೈರ್ಯ ಇರುವ ಒಂದೇ ಒಂದು ಸಂಜೆ. ಅವನು ಯಾರನ್ನು ಬಚ್ಚಿಟ್ಟಿದ್ದ ಎಂಬುದಷ್ಟೇ ಅಲ್ಲ, ಯಾರಿಂದ ಬಚ್ಚಿಟ್ಟಿದ್ದ ಎಂಬುದೂ ಈಗ ಅವಳಿಗೆ ತಿಳಿಯಿತು.

ಕೈಚೀಲದಲ್ಲಿ ಫೋನು ಗುನುಗಿತು. ಚಾನೆಲ್ಲಿನ ಹುಡುಗಿ. ‘ಮೇಡಂ ಮೇಡಂ, ಹುಷಾರಿಲ್ಲ ಅಂತ ಗೊತ್ತು, ಎರಡೇ ನಿಮಿಷ ಫೋನಲ್ಲಿ ಬನ್ನಿ ಪ್ಲೀಸ್. ಸರ್ ಆಗ್ಲೇ ನಿಮ್ಮ ಹೆಸರು ಹೇಳ್ಬಿಟ್ರು. ಕನೆಕ್ಟ್ ಮಾಡ್ತಿದೀನಿ,’ ಎಂದವಳು ಉತ್ತರಕ್ಕೆ ಕಾಯಲಿಲ್ಲ. ಅಂಗಡಿಯ ಟಿವಿಯಲ್ಲಿ ನಿರೂಪಕನ ಮುಖ, ಅದರ ಪಕ್ಕ ಅವಳ ಹಳೆಯ ಫೋಟೋ, ಕೆಳಗೆ ‘ತಾಯಿ’. ಗುಬ್ಬಿಯ ನಗು ಆರಿತು. ಗಂಡ ನೊರೆ ಮೆತ್ತಿದ ಮುಖದಲ್ಲೇ ಎದ್ದು, ಗಾಬರಿಯಿಂದ ಜೇಬಿನ ಫೋನು ಹುಡುಕತೊಡಗಿದ. ಹುಷಾರಿಲ್ಲ ಎಂದು ಟಿವಿಯವರು ಹೇಳಿರಬೇಕು. ಅವನು ಒಂದು ಕೈಯಲ್ಲಿ ಫೋನು ಒತ್ತುತ್ತ ಇನ್ನೊಂದು ಕೈಯಿಂದ ಟಿವಿ ಆರಿಸುವಂತೆ ಕ್ಷೌರದವನಿಗೆ ಸನ್ನೆ ಮಾಡಿದ. ಗುಬ್ಬಿ ಅವನ ತೋಳು ಹಿಡಿದು ತಡೆಯಿತು. ‘ಇರ್ಲಿ ಅಪ್ಪ, ಕೇಳೋಣ,’ ಎಂಬ ದಪ್ಪ ಧ್ವನಿ ರಸ್ತೆಯಾಚೆಗೂ ಕೇಳಿಸಿತು.

‘ಮೇಡಂ, ಹೊಸ ನಿಯಮ ಬಂದಿದೆ. ನಾನು ಗಂಡು, ನಾನು ಹೆಣ್ಣು ಅಂತ ಅವರವರೇ ಹೇಳಿದ್ರೆ ಸಾಕಂತೆ! ಅವರವರ ಮಾತೇ ಸಾಕಾ? ಒಬ್ಬ ತಾಯಿಯಾಗಿ ಏನು ಹೇಳ್ತೀರಿ?’ ನಿರೂಪಕ ಕಿವಿಯೊಳಗೆ ಅರಚಿದ. ಅವಳ ಬಾಯಿ ತಾನಾಗಿ ತೆರೆದುಕೊಂಡಿತು, ಕೀ ಕೊಟ್ಟ ಗೊಂಬೆಯಂತೆ. ‘ನೋಡಿ, ನನ್ನದು ವಿರೋಧ ಅಲ್ಲ. ಒಂದು ಸಣ್ಣ ಪ್ರಶ್ನೆ ಅಷ್ಟೆ,’ ಎಂದಳು. ಆಡಿದ ಮಾತು ಟಿವಿಯನ್ನು ಮುಟ್ಟಲು ಒಂದೆರಡು ಉಸಿರಿನಷ್ಟು ಹೊತ್ತು ಬೇಕಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು, ಆದರೆ ಆ ಹೊತ್ತನ್ನು ಹೀಗೆ ಹೊರಗಿನಿಂದ ಕಂಡಿರಲಿಲ್ಲ. ಮಾತು ಅವಳನ್ನು ಬಿಟ್ಟಾಗಿತ್ತು, ಅಲ್ಲಿಗೆ ಇನ್ನೂ ತಲುಪಿರಲಿಲ್ಲ. ಕನ್ನಡಿಯಲ್ಲಿ ಗುಬ್ಬಿಯ ಮುಖ ಕಾಯುತ್ತಿತ್ತು. ಆಮೇಲೆ ಅವಳದೇ ಧ್ವನಿ, ತಗಡಿನ ಡಬ್ಬಿಯೊಳಗಿನಿಂದ ಬಂದಂತೆ, ಆ ಅರೆ ತೆರೆದ ಬಾಗಿಲಿನಿಂದ ರಸ್ತೆಗೆ ಬಂತು: ನನ್ನದು ವಿರೋಧ ಅಲ್ಲ. ನೊರೆಯ ನಡುವೆ ಗುಬ್ಬಿಯ ತುಟಿಗಳು ಅದರ ಜೊತೆಜೊತೆಗೇ ಆಡಿದವು, ಒಂದಕ್ಷರ ಹಿಂದುಮುಂದಾಗದೆ, ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ: ಒಂದು ಸಣ್ಣ ಪ್ರಶ್ನೆ ಅಷ್ಟೆ. ಕ್ಷೌರದವನು ನಕ್ಕ. ಗುಬ್ಬಿ ನಗಲಿಲ್ಲ. ಎಷ್ಟು ಸಲ ಕೇಳಿರಬೇಕು, ಯಾವ ಯಾವ ರೂಮಿನಲ್ಲಿ ಒಬ್ಬಂಟಿಯಾಗಿ ಕೂತು, ಈ ಸಲವಾದರೂ ಬೇರೆ ಏನಾದರೂ ಹೇಳುತ್ತಾಳೇನೋ ಎಂದು ಕಾದು?

‘ಹಲೋ ಮೇಡಂ? ನಿಮ್ಮ ಪ್ರಶ್ನೆ ಏನು ಮೇಡಂ?’

‘ನನಗೆ ಗೊತ್ತಿಲ್ಲ,’ ಎಂದಳು.

‘ಅಂದ್ರೆ?’

‘ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ನನ್ನ ಹತ್ರ ಪ್ರಶ್ನೆ ಇಲ್ಲ. ಇನ್ಮೇಲೆ ನನ್ನನ್ನ ಕರೀಬೇಡಿ.’

ಕರೆ ಕತ್ತರಿಸಿ ಫೋನು ಕೆಳಗಿಳಿಸಿದಳು. ಧೈರ್ಯ ಮಾಡಿದೆನೆಂದು ಅನ್ನಿಸಲಿಲ್ಲ, ತರಗತಿಯ ಮಧ್ಯೆ ಪಾಠ ಮರೆತು ನಿಂತಂತೆ ನಾಚಿಕೆಯಾಯಿತು. ಮಾತು ಒಳಗೆ ತಲುಪಿದ್ದು ಕಂಡಿತು. ಗುಬ್ಬಿಯ ತುಟಿಗಳು ಈ ಸಲ ಆಡಲಿಲ್ಲ. ಅಪ್ಪನ ಕಡೆ ತಿರುಗಿದ ಆ ಮುಖದಲ್ಲಿ ಸಂತೋಷವಿರಲಿಲ್ಲ, ಹುಬ್ಬು ಗಂಟಿಕ್ಕಿತ್ತು, ಇದರಲ್ಲೇನೋ ಇದೆ ಎನ್ನುವಂತೆ. ಕಿವಿ ಅಪ್ಪನದಾದರೂ ಆ ಗಂಟಿಕ್ಕಿದ ಹುಬ್ಬು ಮಾತ್ರ ಅವಳಿಂದ ಬಂದದ್ದು. ಕೈಯಲ್ಲಿ ಫೋನು ಮತ್ತೆ ಗುನುಗಿತು. ಗಂಡ. ‘ಏನಾಯ್ತೇ ನಿನಗೆ? ಎಲ್ಲಿದೀಯ, ಮನೇಲಾ?’ ಅವನ ತುಟಿ ಅಲುಗುವುದು ಕಾಣುತ್ತಿತ್ತು. ‘ನಿಮ್ಮ ಎದುರಿಗೇ ಇದೀನಿ,’ ಎಂದಳು. ಅವನು ನಿಧಾನವಾಗಿ ಗಾಜಿನ ಕಡೆ ತಿರುಗಿದ. ಅರ್ಧ ಮುಖ ನೊರೆಯಲ್ಲಿ, ಅರ್ಧ ಮುಖ ಬೂದಿಯ ಬಣ್ಣದಲ್ಲಿ, ಕಳ್ಳತನದಲ್ಲಿ ಸಿಕ್ಕಿಬಿದ್ದವನಂತಿದ್ದ. ಆದರೆ ಅವನು ಮಾಡಿದ ಮೊದಲ ಕೆಲಸ ಒಂದು ಹೆಜ್ಜೆ ಪಕ್ಕಕ್ಕಿಟ್ಟು, ಅವಳಿಗೂ ಆ ಕುರ್ಚಿಗೂ ನಡುವೆ ನಿಂತದ್ದು.

ರಸ್ತೆ ದಾಟಿ ಅವಳು ಒಳಗೆ ಬಂದಾಗ ಗುಬ್ಬಿ ಅಪ್ಪನ ಹಿಂದಿನಿಂದ ಎದ್ದು ನಿಂತಿತ್ತು. ಅಂಗೈಯಿಂದ ಗಲ್ಲದ ನೊರೆಯನ್ನು ಒರೆಸಿಕೊಳ್ಳುತ್ತಿತ್ತು, ಬೇಗ ಬೇಗ, ಎಲ್ಲ ಅಳಿಸಿಹೋಗುವಂತೆ. ಚಿಕ್ಕಂದಿನಲ್ಲಿ ಸಕ್ಕರೆ ಕದ್ದು ತಿಂದಾಗ ಬಾಯಿ ಒರೆಸಿಕೊಳ್ಳುತ್ತಿದ್ದುದೂ ಹೀಗೆಯೇ. ಆಗ ಅವಳಿಗೆ ನಗು ಬರುತ್ತಿತ್ತು.

‘ಹಿಂಬಾಲಿಸ್ಕೊಂಡು ಬಂದ್ಯಾ?’ ಆ ಧ್ವನಿಯಲ್ಲಿ ಶೀತ ಇರಲಿಲ್ಲ. ಅದು ಈಗ ಇರುವುದೇ ಹಾಗೆ.

‘ಹೂಂ.’

‘ನನ್ನನ್ನಾ?’

‘ನಿಮ್ಮಪ್ಪನ್ನ.’ ಸುಳ್ಳು ಹುಡುಕಿದಳು, ಯಾವುದೂ ಕೈಗೆ ಸಿಗಲಿಲ್ಲ. ‘ಬೇರೆ ಯಾವಳೋ ಹೆಂಗಸು ಇದಾಳೆ ಅಂದ್ಕೊಂಡೆ.’

ಕ್ಷೌರದವನು ಕೆಮ್ಮಿದಂತೆ ಮಾಡಿ ಟವೆಲು ಕೊಡವುತ್ತ ಮೂಲೆಗೆ ಹೋದ. ಗಂಡ ‘ಹೆಂಗಸಾ?’ ಎಂದು ತನ್ನ ಬೋಳು ನೆತ್ತಿಯನ್ನೊಮ್ಮೆ ಮುಟ್ಟಿಕೊಂಡ. ಯಾರಿಗಾದರೂ ನಗು ಬರಬಹುದಿತ್ತು. ಗುಬ್ಬಿ ಅವಳನ್ನೇ ನೋಡುತ್ತಿತ್ತು, ಈ ಮಾತ್ರದ ಮಾತಿಗೂ ಹಿಂದೊಂದು ಕ್ಯಾಮೆರಾ ಇರಬಹುದೇ ಎಂದು ಹುಡುಕುವವರಂತೆ, ಅವಳ ಕೈಚೀಲವನ್ನು, ಕೈಯಲ್ಲಿದ್ದ ಫೋನನ್ನು, ಮತ್ತೆ ಮುಖವನ್ನು.

‘ಇಲ್ಲಿರೋ ಹೆಂಗಸು ನೀನೊಬ್ಳೇ ಅಮ್ಮ,’ ಎಂದ.

ಅವಳ ನಾಲಿಗೆಯ ತುದಿಗೆ ಮಾತುಗಳು ನುಗ್ಗಿ ಬಂದವು. ಯಾವಾಗಿಂದ, ಯಾವ ಡಾಕ್ಟರು, ಯಾರು ಜೊತೆಗಿದ್ದವರು, ನಿಮ್ಮಪ್ಪನಿಗೆ ಮೊದಲೇ ಹೇಳಿ ನನಗೆ ಯಾಕೆ ಹೇಳಲಿಲ್ಲ. ಒಂದೊಂದೂ ಮುಖಕ್ಕೆ ಬೊಟ್ಟು ತೋರಿಸಿಕೊಂಡೇ ಹುಟ್ಟುತ್ತಿತ್ತು. ಅವನ್ನು ನುಂಗಿ, ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ಹಳೆಯ ಪತ್ರಿಕೆಗಳನ್ನು ಸರಿಸಿ ಕೂತಳು. ಗಂಡ ಮಗನ ಮುಖ ನೋಡಿದ. ಮಗ ಒಂದಷ್ಟು ಹೊತ್ತು ನಿಂತೇ ಇದ್ದು, ಆಮೇಲೆ ಕುರ್ಚಿಯಲ್ಲಿ ಕೂತ. ಕ್ಷೌರದವನು ಮರಳಿ ಬಂದು ಅಳಿಸಿಹೋದ ಕಡೆ ಹೊಸದಾಗಿ ನೊರೆ ಹಚ್ಚಿ, ಬ್ಲೇಡು ಕೈಗೆ ಕೊಟ್ಟು, ‘ಈಗ ಗಂಟಲು ಕಣಪ್ಪ. ಇಲ್ಲೇ ಎಲ್ಲರೂ ಕುಯ್ಕೊಳ್ಳೋದು. ನಿಧಾನ,’ ಎಂದ.

ಅವನು ಗಲ್ಲ ಮೇಲೆತ್ತಿದ. ಕಣ್ಣು ಮಾತ್ರ ಕನ್ನಡಿಯೊಳಗಿನ ತನ್ನ ಗಂಟಲ ಮೇಲಿರಲಿಲ್ಲ, ಅದರ ಹಿಂದೆ ಬೆಂಚಿನ ಮೇಲೆ ಕೂತವಳ ಮೇಲೆ ನೆಟ್ಟಿತ್ತು. ‘ಅಲ್ಲೆಲ್ಲಿ ನೋಡ್ತೀಯ, ಇಲ್ಲಿ ನೋಡ್ಕೋ,’ ಎಂದು ಕ್ಷೌರದವನು ಗದರಿದ. ಆದರೂ ಆ ಕಣ್ಣು ಅವಳನ್ನು ಬಿಡಲಿಲ್ಲ. ಬ್ಲೇಡು ಚರ್ಮದ ಹತ್ತಿರ ಬಂದು ನಿಂತಿತು.

ತಾನು ನೋಡುತ್ತಿರುವವರೆಗೆ ಅವನೂ ನೋಡುತ್ತಿರುತ್ತಾನೆ ಎಂದು ಅವಳಿಗೆ ತಿಳಿಯಿತು. ಬೆಂಚಿನ ಮೇಲೆ ಪೂರ್ತಿ ಹೊರಳಿ, ಬಾಗಿಲಿನ ಕಡೆ, ದೀಪ ಹತ್ತುತ್ತಿದ್ದ ಟೈರಿನ ಅಂಗಡಿಗಳ ಕಡೆ ಮುಖ ಮಾಡಿ ಕೂತಳು. ಆಮೇಲೆ ಬೆನ್ನ ಹಿಂದೆ ಬ್ಲೇಡು ಚರ್ಮದ ಮೇಲೆ ಸರ್ರನೆ ಹಾಯುವ ಸದ್ದಾಯಿತು, ನಿಂತಿತು, ಮತ್ತೆ ಆಯಿತು. ‘ಹಾಗೆ, ಹಾಗೇನೇ,’ ಎಂದು ಗಂಡ ಹೇಳುತ್ತಿದ್ದ. ಅವಳು ತಿರುಗಿ ನೋಡಲಿಲ್ಲ.